ವಿದ್ವತ್ ಪರಿಶೀಲನೆಯಲ್ಲಿ ಉತ್ತರದಾಯಿತ್ವ: ಹಾಫ್‌ಕಿನ್ ಪ್ರಕರಣದ ಪಾಠ

ಸಂಶೋಧಕನೊಬ್ಬನು ತನ್ನ ಶೋಧವನ್ನು ಪ್ರಕಟಣೆಗೆ ಕಳುಹಿಸಿದಾಗ ಅದೇ ಶಾಸ್ತ್ರದಲ್ಲಿ ಪರಿಣತರಾದ ಇತರರು ಅದನ್ನು ಓದಿ ಅಭಿಪ್ರಾಯ ನೀಡುವ ಪದ್ಧತಿಗೆ ಸಹತಜ್ಞರ ಪರಿಶೀಲನೆ, ಅಂದರೆ ಪೀರ್ ರಿವ್ಯೂ, ಎಂದು ಹೆಸರು. ಲೇಖನ ಪ್ರಕಟವಾಗುವುದೂ ತಿರಸ್ಕೃತವಾಗುವುದೂ ಬಹುಮಟ್ಟಿಗೆ ಈ ಅಭಿಪ್ರಾಯವನ್ನು ಅವಲಂಬಿಸಿರುತ್ತದೆ. ಇಂಥ ತೀರ್ಪು ನೀಡುವವರು ಯಾರಿಗೆ ಉತ್ತರ ಹೇಳಬೇಕು? ಅವರು ನೀಡಿದ ಕಾರಣಗಳನ್ನು ನೋಡುವ ಹಕ್ಕು ಯಾರಿಗಿದೆ? ಈ ಪ್ರಶ್ನೆಗಳು ಇಂದು ವಿದ್ವತ್ ಲೋಕದಲ್ಲಿ ಚರ್ಚೆಯಲ್ಲಿವೆ. ಇವುಗಳನ್ನು ತಿಳಿಯಲು ಮುಂಬಯಿಯ ಬೈಕುಲ್ಲಾದಲ್ಲಿ ಆರಂಭಗೊಂಡ ಒಂದು ಪ್ರಕರಣವು ನೆರವಾಗುತ್ತದೆ. ಅದು ಪತ್ರಿಕೆಯೊಂದರ ಪರಿಶೀಲನೆಯಲ್ಲ, ಸರ್ಕಾರ ನೇಮಿಸಿದ ಆಯೋಗಗಳ ವಿಚಾರಣೆ. ಆದರೂ ವಿಜ್ಞಾನಿಯೊಬ್ಬನ ಕೆಲಸದ ಮೇಲೆ ತಜ್ಞರು ನೀಡುವ ತೀರ್ಪು ಹೇಗಿರಬೇಕೆಂಬ ಪ್ರಶ್ನೆ ಎರಡರಲ್ಲಿಯೂ ಒಂದೇ.

ಬೈಕುಲ್ಲಾದ ಪ್ರಯೋಗ

1896ರಲ್ಲಿ ಮುಂಬಯಿ ನಗರದಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಒಡೆಸ್ಸಾದಲ್ಲಿ ಜನಿಸಿ, ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ವಾಲ್ಡೆಮಾರ್ ಹಾಫ್‌ಕಿನ್ ಅವರನ್ನು ಸರ್ಕಾರ ಆ ವರ್ಷ ನಗರಕ್ಕೆ ಕರೆಸಿಕೊಂಡಿತು. ಬೈಕುಲ್ಲಾದ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರು ಕೆಲವೇ ತಿಂಗಳುಗಳಲ್ಲಿ ಪ್ಲೇಗ್ ಲಸಿಕೆಯನ್ನು ಸಿದ್ಧಪಡಿಸಿದರು. 1897ರ ಜನವರಿ 10ರಂದು ಅದನ್ನು ಮೊದಲು ತಮ್ಮ ದೇಹಕ್ಕೇ ಚುಚ್ಚಿಸಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಸೆರೆಮನೆಯಲ್ಲಿ ರೋಗ ಹರಡಿದಾಗ, ಮುಂದೆ ಬಂದ ಕೈದಿಗಳಿಗೆ ಲಸಿಕೆ ನೀಡಲಾಯಿತು. ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದಾಗ ಪಡೆಯದವರಲ್ಲಿಯೇ ರೋಗವೂ ಮರಣವೂ ಹೆಚ್ಚಾಗಿದ್ದವು. ಸೆರೆಯಲ್ಲಿರುವವರ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವತಂತ್ರವಾದುದು ಎಂಬ ಪ್ರಶ್ನೆಯನ್ನು ಇಂದಿನ ನೀತಿಸಂಹಿತೆ ಖಂಡಿತವಾಗಿ ಎತ್ತುತ್ತದೆ. ಆದರೆ ಹಾಫ್‌ಕಿನ್ ಅವರು ತಮ್ಮ ವಿಧಾನವನ್ನೂ ಫಲಿತಾಂಶಗಳನ್ನೂ ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿ, ಇತರರ ಪರೀಕ್ಷೆಗೆ ಒಡ್ಡಿದರು ಎಂಬುದು ಗಮನಾರ್ಹ.

1898ರಲ್ಲಿ ಹುಬ್ಬಳ್ಳಿ, ಧಾರವಾಡಗಳಿಗೂ ಪ್ಲೇಗ್ ಹಬ್ಬಿತು. ಹುಬ್ಬಳ್ಳಿಯಲ್ಲಿ ಸಾವಿರಾರು ಮಂದಿ ಈ ಲಸಿಕೆಯನ್ನು ಪಡೆದರು.

ಎರಡು ವಿಚಾರಣೆಗಳು

ಅದೇ 1898ರಲ್ಲಿ ಸರ್ಕಾರವು ಪ್ರೊಫೆಸರ್ ಟಿ. ಆರ್. ಫ್ರೇಸರ್ ಅವರ ಅಧ್ಯಕ್ಷತೆಯಲ್ಲಿ ಭಾರತೀಯ ಪ್ಲೇಗ್ ಆಯೋಗವನ್ನು ನೇಮಿಸಿತು. ಲಸಿಕೆಯಿಂದ ರೋಗದ ಪ್ರಮಾಣ ತಗ್ಗುವುದೆಂದು ಆಯೋಗ ಒಪ್ಪಿತು. ಆದರೆ ಲಸಿಕೆಯ ಪ್ರಮಾಣವನ್ನು ನಿರ್ಧರಿಸುವ ಕ್ರಮವು ಸಮರ್ಪಕವಾಗಿಲ್ಲವೆಂದು ಟೀಕಿಸಿತು. ಸಾಕ್ಷಿಗಳ ಹೇಳಿಕೆಗಳು ಸಂಪುಟಗಳಾಗಿ ಮುದ್ರಣಗೊಂಡವು. ಹೀಗಾಗಿ ಆಯೋಗದ ಮೆಚ್ಚುಗೆಯನ್ನೂ ಟೀಕೆಯನ್ನೂ ಆಧಾರಸಹಿತವಾಗಿ ತೂಗಿನೋಡುವುದು ಯಾವ ವೈದ್ಯನಿಗಾದರೂ ಸಾಧ್ಯವಾಗಿತ್ತು.

ಎರಡನೆಯ ವಿಚಾರಣೆಯ ರೀತಿ ಬೇರೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿಗೆ ತುತ್ತಾಗಿ ಮರಣ ಹೊಂದಿದರು. ಉಳಿದ ಸೀಸೆಗಳಿಂದ ಲಸಿಕೆ ಪಡೆದವರಿಗೆ ಈ ರೋಗ ತಗಲಲಿಲ್ಲ. ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಸರ್ ಲಾರೆನ್ಸ್ ಜೆಂಕಿನ್ಸ್ ಅವರ ಅಧ್ಯಕ್ಷತೆಯ ಆಯೋಗವು ವಿಚಾರಣೆ ನಡೆಸಿ, ಸೀಸೆಯು ಗ್ರಾಮದಲ್ಲಿ ತೆರೆಯುವ ಮೊದಲೇ ಕಲುಷಿತವಾಗಿತ್ತು ಎಂದು ತೀರ್ಮಾನಿಸಿತು. ಅಂದರೆ ದೋಷವು ಮುಂಬಯಿಯ ಪರೇಲ್‌ನಲ್ಲಿದ್ದ ಹಾಫ್‌ಕಿನ್ ಅವರ ಪ್ರಯೋಗಾಲಯದ್ದೆಂದು ಅರ್ಥವಾಯಿತು. ತಯಾರಿಕೆಯಲ್ಲಿ ಕಾರ್ಬಾಲಿಕ್ ಆಮ್ಲದ ಬಳಕೆಯನ್ನು ಬಿಟ್ಟು, ಶಾಖದಿಂದ ಮಾತ್ರ ಕ್ರಿಮಿಶುದ್ಧಿ ಮಾಡುವ ಕ್ರಮವನ್ನು ಅವರು ಅನುಸರಿಸಿದ್ದುದೂ ಟೀಕೆಗೆ ಒಳಗಾಯಿತು. ಹಾಫ್‌ಕಿನ್ ಹುದ್ದೆಯನ್ನು ಕಳೆದುಕೊಂಡು ಯೂರೋಪಿಗೆ ಮರಳಬೇಕಾಯಿತು.

ದಾಖಲೆಗಳು ಬೆಳಕಿಗೆ ಬಂದಾಗ

ಹತ್ತೊಂಬತ್ತು ಜೀವಗಳು ಹೋಗಿದ್ದಾಗ ಲಸಿಕೆ ತಯಾರಿಸಿದವರನ್ನು ಪ್ರಶ್ನಿಸುವುದು ನ್ಯಾಯವೇ ಆಗಿತ್ತು. ವಿಧಾನವನ್ನು ಬದಲಿಸಿದ ವಿಜ್ಞಾನಿ ಆ ಬದಲಾವಣೆಗೆ ಕಾರಣ ಹೇಳಲೇಬೇಕು. ಕೊರತೆ ಇದ್ದುದು ಪ್ರಶ್ನೆಯಲ್ಲಲ್ಲ. ತೀರ್ಪಿಗೆ ಆಧಾರವಾದ ಸಾಕ್ಷ್ಯ ವಿದ್ವಾಂಸರ ಕೈಗೆ ಸಕಾಲದಲ್ಲಿ ದೊರೆಯಲಿಲ್ಲ ಎಂಬುದೇ ಕೊರತೆ. ದಾಖಲೆಗಳು ಗೆಜೆಟಿನಲ್ಲಿ ಪ್ರಕಟವಾಗುವ ವೇಳೆಗೆ ದುರಂತ ಸಂಭವಿಸಿ ಸುಮಾರು ನಾಲ್ಕು ವರ್ಷಗಳು ಕಳೆದಿದ್ದವು.

ದಾಖಲೆಗಳನ್ನು ಓದಿದ ತಜ್ಞರಿಗೆ ಬೇರೆಯೇ ಚಿತ್ರ ಕಂಡಿತು. ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮಟವು ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸದೆ, ಕ್ರಿಮಿನಾಶಕ ದ್ರವದಲ್ಲಿ ಅದ್ದಿ, ಅದರಿಂದಲೇ ಬಿರಡೆಯನ್ನು ತೆಗೆಯಲಾಗಿತ್ತು. ಧನುರ್ವಾಯುವಿನ ಕ್ರಿಮಿಗಳು ಸಾಮಾನ್ಯವಾಗಿ ಮಣ್ಣಿನಲ್ಲಿರುತ್ತವೆ. ಅವು ಸೀಸೆಯೊಳಗೆ ವಾರಗಟ್ಟಲೆ ಬೆಳೆದಿದ್ದರೆ ದ್ರವವು ದುರ್ನಾತ ಬೀರಬೇಕಾಗಿತ್ತು. ಆದರೆ ಅಂಥ ವಾಸನೆ ಇರಲಿಲ್ಲವೆಂದು ಸೀಸೆಯನ್ನು ಬಳಸಿದ ವೈದ್ಯರು ಸಾಕ್ಷ್ಯ ನುಡಿದಿದ್ದರು.

ಮಲೇರಿಯಾ ಸಂಶೋಧನೆಗಾಗಿ ನೊಬೆಲ್ ಪಾರಿತೋಷಕ ಪಡೆದಿದ್ದ ರೊನಾಲ್ಡ್ ರಾಸ್ ಮೊದಲಾದ ತಜ್ಞರು 1907ರ ಜುಲೈನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು, ಆರೋಪ ನಿರಾಧಾರವೆಂದು ಸಾರಿದರು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಸೈಮನ್ ಫ್ಲೆಕ್ಸ್‌ನರ್ ಅವರೂ ಅದಕ್ಕೆ ಸಹಿ ಹಾಕಿದ್ದರು. ಅದೇ ವರ್ಷದ ಕೊನೆಗೆ ಹಾಫ್‌ಕಿನ್ ದೋಷಮುಕ್ತರಾಗಿ ಭಾರತಕ್ಕೆ ಮರಳಿದರು. ಆದರೆ ಅವರಿಗೆ ಕೆಲಸ ದೊರೆತದ್ದು ಕಲ್ಕತ್ತೆಯಲ್ಲಿ, ಮುಂಬಯಿಯ ನಿರ್ದೇಶಕ ಸ್ಥಾನ ಮತ್ತೆ ಸಿಗಲಿಲ್ಲ. ಪರೇಲ್‌ನ ಪ್ರಯೋಗಾಲಯಕ್ಕೆ ಅವರ ಹೆಸರನ್ನಿಟ್ಟದ್ದು 1925ರಲ್ಲಿ.

ಅವರನ್ನು ಉಳಿಸಿದ್ದು ಯಾರೊಬ್ಬರ ಅನುಕಂಪವೂ ಅಲ್ಲ, ಅಚ್ಚಾಗಿ ಹೊರಬಂದ ಸಾಕ್ಷ್ಯ. ತೀರ್ಪುಗಾರರು ಎಷ್ಟೇ ಯೋಗ್ಯರಾಗಿದ್ದರೂ ತಪ್ಪುವುದು ಸಹಜ. ಕಾರಣಗಳು ಬಹಿರಂಗವಾಗಿದ್ದರೆ ಆ ತಪ್ಪನ್ನು ಇನ್ನೊಬ್ಬರು ತಿದ್ದಬಲ್ಲರು.

ಇಂದಿನ ಪದ್ಧತಿ

ಪತ್ರಿಕೆಗಳ ಪರಿಶೀಲನೆಯಲ್ಲಿ ಪರಿಶೀಲಕರ ಹೆಸರನ್ನು ಗುಟ್ಟಾಗಿಡುವುದು ರೂಢಿ. ಇದಕ್ಕೆ ಸಕಾರಣವುಂಟು. ಕಿರಿಯ ವಿದ್ವಾಂಸನು ಹಿರಿಯರ ಲೇಖನವನ್ನು ನಿರ್ಭಯವಾಗಿ ವಿಮರ್ಶಿಸಲು ಅನಾಮಧೇಯತೆ ರಕ್ಷಣೆ ನೀಡುತ್ತದೆ. ಆದರೆ ಅದೇ ತೆರೆಯ ಹಿಂದೆ ಪ್ರತಿಸ್ಪರ್ಧಿಯ ಲೇಖನವನ್ನು ತಡೆಹಿಡಿಯುವುದಾಗಲಿ, ಓದದೆಯೇ ತಿರಸ್ಕರಿಸುವುದಾಗಲಿ ನಡೆಯಬಹುದು. ಹೆಸರನ್ನು ಮರೆಮಾಡುವುದು ಬೇರೆ, ಕಾರಣವನ್ನು ಮರೆಮಾಡುವುದು ಬೇರೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಈ ಭೇದವನ್ನು ಮನಗಂಡು ಹಲವು ಪತ್ರಿಕೆಗಳು ಸುಧಾರಣೆಗೆ ತೊಡಗಿವೆ. ಬ್ರಿಟಿಷ್ ಮೆಡಿಕಲ್ ಜರ್ನಲ್ 1999ರಲ್ಲಿ ಪರಿಶೀಲಕರ ಹೆಸರನ್ನು ಲೇಖಕರಿಗೆ ತಿಳಿಸುವ ಕ್ರಮವನ್ನು ಆರಂಭಿಸಿತು. ನೇಚರ್ ಪತ್ರಿಕೆಯು 2025ರ ಜೂನ್ ತಿಂಗಳಿನಿಂದ ಹೊಸದಾಗಿ ಸ್ವೀಕರಿಸುವ ಸಂಶೋಧನ ಲೇಖನಗಳು ಪ್ರಕಟವಾದಾಗ, ಅವುಗಳೊಂದಿಗೆ ಪರಿಶೀಲಕರ ವರದಿಗಳನ್ನೂ ಲೇಖಕರ ಉತ್ತರಗಳನ್ನೂ ಪ್ರಕಟಿಸುವ ನಿಯಮವನ್ನು ಜಾರಿಗೆ ತಂದಿದೆ. ಪರಿಶೀಲಕರು ಇಚ್ಛಿಸಿದರೆ ಅನಾಮಧೇಯರಾಗಿಯೇ ಉಳಿಯಬಹುದು.

ನಮ್ಮ ವಿಶ್ವವಿದ್ಯಾನಿಲಯಗಳ ಹೊಣೆ

ಭಾರತದಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಗುಣಮಟ್ಟದ ಪತ್ರಿಕೆಗಳನ್ನು ಗುರುತಿಸಲು 2018ರಲ್ಲಿ ಯುಜಿಸಿ-ಕೇರ್ ವ್ಯವಸ್ಥೆಯನ್ನು ಏರ್ಪಡಿಸಿತ್ತು. 2025ರಲ್ಲಿ ಆ ಪಟ್ಟಿಯನ್ನು ಕೈಬಿಟ್ಟು, ಪತ್ರಿಕೆಗಳನ್ನು ಅಳೆಯಲು ಕೆಲವು ಮಾನದಂಡಗಳನ್ನು ಮಾತ್ರ ಸೂಚಿಸಿತು. ಇದರಿಂದ ಗುಣವಿಮರ್ಶೆಯ ಹೊಣೆಯು ಆಯಾ ವಿದ್ಯಾಸಂಸ್ಥೆಗಳ ಮೇಲೆಯೇ ಬಿದ್ದಿದೆ. ಪಿಎಚ್.ಡಿ. ಪದವಿಯ ಬಗೆಗಿನ 2016ರ ನಿಯಮಾವಳಿಯು ಮೌಖಿಕ ಪರೀಕ್ಷೆಗೆ ಪರೀಕ್ಷಕರ ವರದಿಯಲ್ಲಿನ ಟೀಕೆಗಳನ್ನು ಆಧಾರವಾಗಿಸಿ, ಅದರಲ್ಲಿ ಅಧ್ಯಾಪಕರೂ ಇತರ ಸಂಶೋಧಕರೂ ಹಾಜರಿರಲು ಅವಕಾಶ ಕಲ್ಪಿಸಿತ್ತು. ಟೀಕೆಗೆ ಎಲ್ಲರೆದುರು ಉತ್ತರಿಸುವ ಈ ಸಂಪ್ರದಾಯ ಅನುಕರಣೀಯವಾದುದು.

ಕನ್ನಡದಲ್ಲಿ ವಿದ್ವತ್ ಪತ್ರಿಕೆಗಳನ್ನು ನಡೆಸುವವರೂ ಮೂರು ನಿಯಮಗಳನ್ನು ಸುಲಭವಾಗಿ ಪಾಲಿಸಬಹುದು. ತಿರಸ್ಕಾರಕ್ಕೆ ಲಿಖಿತ ಕಾರಣ ನೀಡುವುದು ಮೊದಲನೆಯದು. ಲೇಖಕನಿಗೆ ಉತ್ತರಿಸುವ ಅವಕಾಶ ಕೊಡುವುದು ಎರಡನೆಯದು. ಪರಿಶೀಲಕನಿಗೆ ಲೇಖಕನೊಂದಿಗೆ ಸ್ನೇಹ, ವೈರ ಅಥವಾ ಸ್ಪರ್ಧೆಯ ಸಂಬಂಧವಿದ್ದರೆ ಅದನ್ನು ಮೊದಲೇ ತಿಳಿಸುವುದು ಮೂರನೆಯದು. ಇವುಗಳಿಗೆ ಹಣ ಬೇಕಿಲ್ಲ, ಸಂಕಲ್ಪವಿದ್ದರೆ ಸಾಕು.

ಅಭ್ಯಾಸಕ್ಕೆ ಪ್ರಶ್ನೆಗಳು

1. ಫ್ರೇಸರ್ ಆಯೋಗದ ವಿಚಾರಣೆಗೂ ಮುಲ್ಕೋವಾಲ್ ವಿಚಾರಣೆಗೂ ಇದ್ದ ಮುಖ್ಯ ವ್ಯತ್ಯಾಸವೇನು?
2. ಸೀಸೆಯ ಕಾಲುಷ್ಯದ ಬಗ್ಗೆ ತಜ್ಞರು ಯಾವ ಸಾಕ್ಷ್ಯಗಳನ್ನು ಮುಖ್ಯವೆಂದು ಪರಿಗಣಿಸಿದರು?
3. ಪರಿಶೀಲಕರ ಹೆಸರನ್ನು ಗುಟ್ಟಾಗಿಟ್ಟೂ ಪಾರದರ್ಶಕತೆಯನ್ನು ಸಾಧಿಸುವುದು ಹೇಗೆ? ಚರ್ಚಿಸಿರಿ.