ಬೌದ್ಧಿಕ ವೈಕಲ್ಯವೂ ಉದ್ಯೋಗವೂ

ಬುದ್ಧಿಯ ಬೆಳವಣಿಗೆ ನಿಧಾನವಾದವರು ದುಡಿದು ಉಣ್ಣಬಲ್ಲರೇ? ವಿಶೇಷ ಶಾಲೆಯ ಕಲಿಕೆ ಮುಗಿದ ಮೇಲೆ ಇಂಥವರಲ್ಲಿ ಎಷ್ಟೋ ಮಂದಿ ಮನೆಯ ಜಗಲಿಯಲ್ಲೇ ದಿನ ಕಳೆಯುತ್ತಾರೆ. ‘ನಮ್ಮ ಕಾಲಾನಂತರ ಇವನ ಗತಿಯೇನು?’ ಎಂಬ ಚಿಂತೆ ತಂದೆತಾಯಿಯರನ್ನು ಬಿಡುವುದಿಲ್ಲ.

ಸರಕಾರ ನೋಡಿಕೊಳ್ಳಲಿ ಎನ್ನುವವರುಂಟು. 1995ರ ಕಾಯಿದೆಯು ಅಂಗವಿಕಲರಿಗೆ ಸರಕಾರಿ ಹುದ್ದೆಗಳಲ್ಲಿ ಶೇಕಡಾ 3ನ್ನು ಕಾದಿರಿಸಿತಾದರೂ ಅದು ದೃಷ್ಟಿ, ಶ್ರವಣ, ಚಲನೆಗಳ ದೋಷವುಳ್ಳವರಿಗಷ್ಟೆ ಸಂದಿತು. 2016ರ ಕಾಯಿದೆ ಅದನ್ನು ಶೇಕಡಾ 4ಕ್ಕೇರಿಸಿ, ಅದರಲ್ಲಿ 1ನ್ನು ಬೌದ್ಧಿಕ ವೈಕಲ್ಯ, ಆಟಿಸಂ, ಮಾನಸಿಕ ಕಾಯಿಲೆ ಮೊದಲಾದವುಗಳಿಗೆ ಒಟ್ಟಾಗಿ ಇಟ್ಟಿತು. ಒಳ್ಳೆಯದೇ. ಆದರೆ ಓದುಬರಹ ಬಾರದವನಿಗೆ ಅರ್ಜಿ, ಪರೀಕ್ಷೆಗಳೇ ಗೋಡೆಯಾಗುತ್ತವೆ. ಹುದ್ದೆಗಳಾದರೂ ಎಷ್ಟು? ಪದವಿ ಪಡೆದು ಹೊರಡುವ ನಮಗೇ ಆ ಚಿಂತೆಯಿದೆ.

ಆದುದರಿಂದ ಊರಿನಲ್ಲಿ ಈಗಾಗಲೇ ನಡೆಯುತ್ತಿರುವ ಕಸುಬುಗಳನ್ನೇ ಬಿಡಿಸಿ ನೋಡಬೇಕೆಂದು ನನಗೆ ತೋರುತ್ತದೆ. ನಮ್ಮ ಉಳ್ಳಾಲದ ಬೀಡಿಯನ್ನೇ ತೆಗೆದುಕೊಳ್ಳೋಣ. (ನಮ್ಮ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನು ನಾನು, ಶುಲ್ಕ ಕಟ್ಟಿದ್ದು ತಾಯಿಯ ಬೀಡಿಯ ಹಣದಿಂದ.) ಎಲೆ ನೆನೆಸುವುದು, ಅಳತೆಗೆ ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ತುಂಬಿ ಸುತ್ತುವುದು, ತುದಿ ಮಡಚುವುದು, ನೂಲು ಕಟ್ಟುವುದು, ಎಣಿಸಿ ಕಟ್ಟು ಮಾಡುವುದು. ಹೊರಗಿನವರಿಗೆ ಒಂದೇ ಕೆಲಸವಾಗಿ ಕಾಣುವುದು ವಾಸ್ತವವಾಗಿ ಆರು. ಸುತ್ತುವ ಕೈಚಳಕ ಎಲ್ಲರಿಗೂ ಬಾರದು. ಎಲೆ ನೆನೆಸುವುದು ಬಂದೀತು. ಪುಡಿಯ ಧೂಳು ಎದೆಗೆ ಕೆಡುಕಾದ್ದರಿಂದ ಇವರನ್ನು ಬೀಡಿಗೇ ಕೂರಿಸಬೇಕೆಂದು ನಾನು ಹೇಳುವುದಿಲ್ಲ. ಬಿಡಿಸಿ ನೋಡುವ ಕ್ರಮವನ್ನಷ್ಟೆ ತೋರಿಸಿದೆ. ಮೀನನ್ನು ಗಾತ್ರ ನೋಡಿ ಬೇರೆ ಬೇರೆ ಬುಟ್ಟಿಗೆ ಹಾಕುವುದು, ದೇರಳಕಟ್ಟೆಯ ಆಸ್ಪತ್ರೆಗಳಲ್ಲಿ ಒಗೆದ ಬಟ್ಟೆ ಮಡಚುವುದು ಇಂಥವೇ ಅಲ್ಲವೇ?

ಈ ಕ್ರಮ ನನ್ನ ಕಲ್ಪನೆಯಲ್ಲ. ಅಮೆರಿಕದ ಮಾರ್ಕ್ ಗೋಲ್ಡ್ ಎಂಬವರು 1972ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೌದ್ಧಿಕ ವೈಕಲ್ಯವುಳ್ಳವರು 15 ಬಿಡಿಭಾಗಗಳ ಸೈಕಲ್ ಬ್ರೇಕನ್ನು ಜೋಡಿಸಲು ಕಲಿತರು. ಬಿಡಿಭಾಗಗಳಿಗೆ ಗುರುತಿನ ಬಣ್ಣ ಹಚ್ಚಿದಾಗ ಕಲಿಕೆ ಇನ್ನೂ ಬೇಗನೆ ಆಯಿತು. ನಮ್ಮ ನಾಡಿನಲ್ಲೇ, 2017ರಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣವೊಂದರಲ್ಲಿ ಆರಂಭವಾದ ‘ಮಿಟ್ಟಿ ಕೆಫೆ’ಯಲ್ಲಿ ದೈಹಿಕ, ಬೌದ್ಧಿಕ ವೈಕಲ್ಯವುಳ್ಳವರೇ ಚಹಾ ತಿಂಡಿ ತಯಾರಿಸಿ ಬಡಿಸುತ್ತಾರೆ. 2023ರಲ್ಲಿ ಅದರ ಶಾಖೆ ಸುಪ್ರೀಂ ಕೋರ್ಟಿನ ಆವರಣದಲ್ಲೇ ತೆರೆಯಿತು.

ಮೊದಲ ಕೆಲವು ವಾರ ಪಕ್ಕದಲ್ಲಿ ನಿಂತು ತೋರಿಸಿ, ಕ್ರಮೇಣ ಹಿಂದೆ ಸರಿಯುವ ಒಬ್ಬರು ಬೇಕು. ಇದಕ್ಕೆ ತಾಳ್ಮೆಯೇ ಮುಖ್ಯ ವಿದ್ಯೆ. ಇನ್ನು ಕೂಲಿ. ‘ಹೊತ್ತು ಹೋಗಲಿ’ ಎಂದು ಚಹಾ ಕೊಟ್ಟು ಇಟ್ಟುಕೊಳ್ಳುವುದು ಉದ್ಯೋಗವೆನಿಸದು. ಬೀಡಿಗೆ ಸಾವಿರಕ್ಕೆ ಇಂತಿಷ್ಟು ಮಜೂರಿಯೆಂದು ಪುಸ್ತಕದಲ್ಲಿ ಬರೆಯುವಂತೆ ಇವರು ಮಡಚಿದ ಬಟ್ಟೆಗೂ ಲೆಕ್ಕವಿಟ್ಟು, ವಾರದ ಕೊನೆಗೆ ಹಣವನ್ನು ಅವರ ಕೈಗೇ ಕೊಡಬೇಕು.