ಹುಚ್ಚೆಳ್ಳು ಹೂಬಿಟ್ಟಿದೆ, ನೋಡಿ ಬರೆ

ಮಗಳೇ, ಬೆಂಗಳೂರಿನ ರೈಲಿನಲ್ಲಿ ಕೂತು ನೀನು ಬರೆದ ಕವಿತೆ ಓದಿದೆ. ಕಾಲೇಜು ಮುಗಿದ ಮೇಲೆ ಬರವಣಿಗೆಯ ಕಡೆ ತಿರುಗಿಯೂ ನೋಡದವಳು ಮತ್ತೆ ಪೆನ್ನು ಹಿಡಿದದ್ದು ನನಗೆ ಹಬ್ಬದಷ್ಟು ಸಂತೋಷ ಕೊಟ್ಟಿತು. ಆದರೆ ನಿನ್ನ ಶರತ್ಕಾಲದಲ್ಲಿ ಎಲೆಗಳು ಕೆಂಪಾಗಿ ಉದುರುತ್ತಿವೆಯಲ್ಲ, ಅದು ಯಾವ ಊರಿನದಮ್ಮ? ದೇವರಾಯನದುರ್ಗದ ಕಾಡು ಬೋಳಾಗುವುದು ಮಾಗಿ ಚಳಿ ಕಳೆಯುವ ಹೊತ್ತಿಗೆ. ಆಶ್ವಯುಜ, ಕಾರ್ತಿಕ ನಮ್ಮಲ್ಲಿ ತುಂಬಿಕೊಳ್ಳುವ ಕಾಲ. ಹಸ್ತ, ಚಿತ್ತೆ, ಸ್ವಾತಿ ಮಳೆ ಕೈಕೊಡದಿದ್ದರೆ ರಾಗಿ ತೆನೆ ಬಲಿಯುತ್ತದೆ, ಅಕ್ಕಡಿ ಸಾಲಿನ ಹುಚ್ಚೆಳ್ಳು ಹೊಲವನ್ನೆಲ್ಲ ಹಳದಿ ಮಾಡುತ್ತದೆ, ನಡುನಡುವೆ ಅಣ್ಣೆ ಸೊಪ್ಪಿನ ತಿಳಿಗುಲಾಬಿ ಹೂ. ಬಲಿಪಾಡ್ಯಮಿಯಂದು ನಿಮ್ಮಜ್ಜಿ ಸಗಣಿ ಉಂಡೆಗೆ ಸಿಕ್ಕಿಸುತ್ತಿದ್ದದ್ದು ಈ ಹೂಗಳನ್ನೇ.

ಹಳೆಯದಕ್ಕೆ ಹಂಬಲಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಮನೆಯೊಳಗೆ ಕೂತು ನೆನಪು ಮಾಡಿಕೊಂಡಷ್ಟೂ ಅದು ಬೇರೆಯವರು ಬರೆದದ್ದರ ಹಾಗೆಯೇ ಆಗುತ್ತದೆ. ಹೊರಗೆ ಹೋಗಿ ನೋಡು.

ತುಮಕೂರಿನಿಂದ ಕುಣಿಗಲ್ ದಾರಿ ಹಿಡಿದರೆ ಮೊದಲು ಸಿಗುವುದು ಗೂಳೂರು. ಬೇರೆ ಊರುಗಳಲ್ಲಿ ಗಣೇಶನನ್ನು ಕೂರಿಸುವ ಭಾದ್ರಪದ ಚೌತಿಯಂದು ಇಲ್ಲಿ ಮಣ್ಣಿನ ಕೆಲಸ ಶುರುವಾಗುತ್ತದೆ. ಕೆರೆಯ ಮಣ್ಣು ತಂದು, ಹದಮಾಡಿ, ಮೆತ್ತಿ ಮೆತ್ತಿ ಆಳೆತ್ತರ ಮೀರಿದ ಮೂರ್ತಿಯನ್ನು ಎಬ್ಬಿಸುತ್ತಾರೆ. ಪ್ರತಿಷ್ಠಾಪನೆ ದೀಪಾವಳಿಯ ಬಲಿಪಾಡ್ಯಮಿಗೆ, ಕಾರ್ತಿಕವೆಲ್ಲ ಪೂಜೆ, ಆಮೇಲೆ ಮಣ್ಣು ಮತ್ತೆ ಕೆರೆಗೆ. ಹಸಿ ಮಣ್ಣಿನ ಮೇಲೆ ಹಸಿ ಮಣ್ಣು ಪೇರಿಸಿದರೆ ಕುಸಿಯುತ್ತದೆ, ಒಂದು ಪದರ ಬಿಗಿಯಾದ ಮೇಲೆಯೇ ಇನ್ನೊಂದು. ಒಂದೇ ಪ್ರಯಾಣದಲ್ಲಿ ಕವಿತೆ ಮುಗಿಸಿ ಎಲ್ಲರಿಗೂ ಕಳಿಸುವ ಅವಸರ ನಿನಗೇಕೆ? ಈ ಚೌತಿಗೆ ಹೊಳೆದದ್ದು ದೀಪಾವಳಿಗೆ ನಿಲ್ಲಲಿ.

ಅಲ್ಲಿಂದ ಮುಂದೆ ನಾಗವಲ್ಲಿ. ಅದರ ಸುತ್ತಿನ ಮರಗಳಲ್ಲಿ, ಬೇಲಿ ಪೊದೆಗಳಲ್ಲಿ ಕಾಡುಪಾಪಗಳಿವೆ. ದೊಡ್ಡ ಕಣ್ಣಿನ ಆ ಬಡಕಲು ಪ್ರಾಣಿ ರಾತ್ರಿಯಾದ ಮೇಲೆ ಹೊರಬಂದು ಹುಳುಹುಪ್ಪಟೆ ಹಿಡಿದು ತಿನ್ನುತ್ತದೆ. ಕೋತಿಯ ಹಾಗೆ ನೆಗೆಯಲು ಅದಕ್ಕೆ ಬಾರದು. ಕೊಂಬೆಯಿಂದ ಕೊಂಬೆಗೆ ಕೈಯಿಟ್ಟುಕೊಂಡೇ ಸಾಗಬೇಕು. ಹಸಿರು ಬೇಲಿ ಕಡಿದು ಕಲ್ಲುಕಂಬ ನೆಟ್ಟು ತಂತಿ ಎಳೆದರೆ ಅದರ ದಾರಿ ಅಲ್ಲಿಗೆ ಮುಗಿಯಿತು. ಬಾಲ್ಯದ ಬೇಲಿಯ ಬಗ್ಗೆ ಬರೆಯುವಾಗ, ಆ ಬೇಲಿ ಇವತ್ತು ಯಾರಿಗೆ ಮನೆ ಎಂಬುದನ್ನೂ ಬರೆ. ಕಾಡುಪಾಪ ನೋಡುವ ಆಸೆಗೆ ಅದರ ಕಣ್ಣಿಗೆ ಟಾರ್ಚ್ ಮಾತ್ರ ಬಿಡಬೇಡ, ತಾಯಿ.

ಕುಣಿಗಲ್ ಕೆರೆಯ ಹಾಡು ನಿನಗೂ ಬರುತ್ತದೆ. ಹಾಡು ಕಟ್ಟಿದವರ ಹೆಸರು ಯಾರಿಗೂ ತಿಳಿಯದು, ಹಾಡು ಮಾತ್ರ ನಾಡೆಲ್ಲ ಸುತ್ತಿತು. ಹೊಸದಾಗಿ ಬರೆಯುವವರಿಗೆ ಇದಕ್ಕಿಂತ ಧೈರ್ಯ ಕೊಡುವ ಸಂಗತಿ ನನಗೆ ಕಂಡಿಲ್ಲ. ಏರಿಯ ಮೇಲೆ ಒಂದು ಸಂಜೆ ಸುಮ್ಮನೆ ಕೂತು ಬಾ.

ಇನ್ನೊಂದು ದಿಕ್ಕಿಗೆ ಗುಬ್ಬಿ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ವೀರಣ್ಣನವರು ನಾಡಿಗೇ ದೊಡ್ಡದು ಮಾಡಿದರು. ಮೈಕು ಬರುವ ಮುಂಚೆ ಕೊನೆಯ ಸಾಲಿನಲ್ಲಿ ಕೂತವರಿಗೂ ನಟರ ಮಾತು ಮುಟ್ಟಬೇಕಿತ್ತು. ನೀನೂ ಬರೆದದ್ದನ್ನು ಅಡುಗೆಮನೆಯಲ್ಲಿರುವ ನಿಮ್ಮಮ್ಮನಿಗೆ ಕೇಳುವಂತೆ ಗಟ್ಟಿಯಾಗಿ ಓದು. ನಾಲಿಗೆ ಎಲ್ಲಿ ತೊಡರಿತೋ ಅಲ್ಲಿ ಗೆರೆ ಎಳೆದು ಮತ್ತೆ ಬರೆ. ಅವಳು ಕೈಕೆಲಸ ನಿಲ್ಲಿಸಿ ಕೇಳಿದ ಸಾಲನ್ನು ಮುಟ್ಟಬೇಡ.

ರಾಗಿ ಕೊಯ್ಲಿನ ಹೊತ್ತಿಗೆ ಹುಚ್ಚೆಳ್ಳು ಹೂ ಉದುರಿ ಕಾಯಾಗಿರುತ್ತದೆ, ಆದ್ದರಿಂದ ಮುಂದಿನ ತಿಂಗಳು ಅನ್ನಬೇಡ. ಈ ಭಾನುವಾರವೇ ಫೋನು ಚೀಲದೊಳಗಿಟ್ಟು, ಒಂದು ನೋಟ್‌ಬುಕ್ ಹಿಡಿದು ಕುಣಿಗಲ್ ಬಸ್ಸು ಹತ್ತು. ಹೆಸರು ಗೊತ್ತಾಗದ ಗಿಡಗಳನ್ನು ಗುರುತು ಹಾಕಿಕೊಂಡು ಬಾ, ಕೂತು ಹೇಳಿಕೊಡುತ್ತೇನೆ.