ಕಾಗೋಡಿನ ಕೊಳಗ



ಇವತ್ತಿನ ಪಾಠಕ್ಕೆ ಒಂದು ಸೇರು ಬೇಕು. ಅಕ್ಕಿ ಅಳೆಯೋ ಸೇರು. ನಿಮ್ಮ ಮನೆಯಲ್ಲಿ ಇದ್ದರೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಸೇರು ಇಲ್ಲದಿದ್ದರೆ ಪಾವು ಆದರೂ ಆಗುತ್ತೆ.

ನಾನು ಪಾಠ ಮಾಡೋದು ಭದ್ರಾವತಿ ಹತ್ತಿರದ ಒಂದು ಹಳ್ಳಿಯಲ್ಲಿ. ಭದ್ರಾ ನಾಲೆಯ ನೀರು ಹರಿಯೋ ಊರು. ಗದ್ದೆ ಇದೆ, ಅಡಿಕೆ ತೋಟ ಇದೆ. ರಾತ್ರಿ ಪಾತ್ರೆ ತೊಳೆದು, ಮಕ್ಕಳನ್ನು ಮಲಗಿಸಿ ಹೆಂಗಸರು ತರಗತಿಗೆ ಬರುತ್ತಾರೆ. ಒಂದು ದಿನ ಹಲಗೆ ಮೇಲೆ ‘ಅಳತೆ’ ಅಂತ ಬರೆದೆ. ಅ, ಳ, ತೆ. ಎಲ್ಲರೂ ಓದಿದರು. ಒಬ್ಬ ಅಜ್ಜಿ ಮಾತ್ರ ಸ್ಲೇಟು ಕೆಳಗೆ ಇಟ್ಟರು.

“ಟೀಚರಮ್ಮಾ, ಅಳತೆ ವಿಷಯಕ್ಕೆ ನಮ್ಮ ತವರು ಕಡೆ ಜನ ಜೈಲಿಗೆ ಹೋಗಿದ್ರು” ಅಂದರು.

ಉಳಿದವರು ನಕ್ಕರು. ಅಜ್ಜಿ ನಗಲಿಲ್ಲ.

ಅಜ್ಜಿಯ ತವರು ಸಾಗರ ತಾಲ್ಲೂಕು. ಅವರು ಹೇಳಿದ್ದು ಕಾಗೋಡು ಅನ್ನೋ ಊರಿನ ಸುದ್ದಿ. ಅವರ ಅವ್ವ ಅವರಿಗೆ ಹೇಳಿದ್ದಂತೆ. ಸುದ್ದಿಯನ್ನು ಪೂರಾ ತಿಳಿಯೋಣ ಅಂತ ನಾನು ಆಮೇಲೆ ಪುಸ್ತಕ ಹುಡುಕಿ ಓದಿದೆ. ಅದನ್ನೇ ಈ ಪಾಠ ಮಾಡಿದ್ದೇನೆ.

ಊರು ಮತ್ತು ಗದ್ದೆ

ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿಲೋಮೀಟರ್. ಸಾಗರದ ಹತ್ತಿರ ಕಾಗೋಡು. ಮಲೆನಾಡಿನ ಸಣ್ಣ ಊರು. ಮಳೆ ಹಿಡಿದರೆ ಬಿಡೋದಿಲ್ಲ. ಆ ಮಳೆಯಲ್ಲೇ ಕಂಬಳಿಕೊಪ್ಪೆ ಹಾಕಿಕೊಂಡು, ಗೊರಬು ಹೊತ್ತುಕೊಂಡು ಸಸಿ ನೆಡಬೇಕು. ಬಗ್ಗಿದ ಬೆನ್ನು ಏಳೋದು ಸಂಜೆಗೆ. ಸಸಿ ಕೀಳೋದು, ನೆಡೋದು, ಕಳೆ ತೆಗೆಯೋದು, ಕೊಯ್ಯೋದು, ಇದೆಲ್ಲ ಯಾರ ಕೆಲಸ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಆ ಕಡೆ ಗದ್ದೆ ಕೆಲಸ ಮಾಡುವವರಲ್ಲಿ ದೀವರ ಜನ ಹೆಚ್ಚು. ಶೀಗಿ ಹುಣ್ಣಿಮೆ ದಿನ ಅವರ ಮನೆಯಲ್ಲಿ ಭೂಮಿ ಹುಣ್ಣಿಮೆ ಹಬ್ಬ. ಆಗ ಭತ್ತದ ಪೈರು ಹೊಡೆ ಕಟ್ಟಿರುತ್ತೆ. ಭೂಮಿತಾಯಿ ಬಸುರಿ ಅಂತ ಲೆಕ್ಕ. ಬಸುರಿಗೆ ಬಯಕೆ ಊಟ ಬೇಡವೇ? ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿ ಗೆರೆಯಲ್ಲಿ ಚಿತ್ತಾರ ಬರೆಯುತ್ತಾರೆ. ಅದಕ್ಕೆ ಭೂಮಣ್ಣಿ ಬುಟ್ಟಿ ಅನ್ನುತ್ತಾರೆ. ರಾತ್ರಿಯೆಲ್ಲ ಅಡಿಗೆ ಮಾಡಿ, ಬೆಳಕು ಹರಿಯೋ ಮೊದಲೇ ಗದ್ದೆಗೆ ಒಯ್ದು ಭೂಮಿಗೆ ಎಡೆ ಇಡುತ್ತಾರೆ. ಈಗಲೂ ಈ ಹಬ್ಬ ನಡೆಯುತ್ತೆ. ಒಂದು ಗೆರೆಯೂ ಸೊಟ್ಟ ಆಗದ ಹಾಗೆ ಆ ಚಿತ್ತಾರ ಬರೆಯುವವರು, ಅಕ್ಷರ ಬರೆಯೋಕೆ ಕೈ ನಡುಗುತ್ತೆ ಅಂದರೆ ನಾನಂತೂ ನಂಬೋದಿಲ್ಲ.

ಆದರೆ 1951ರಲ್ಲಿ ಹಾಗೆ ಬಯಕೆ ಉಣಿಸಿದ ಗದ್ದೆ ಹೆಚ್ಚಿನವರ ಪಾಲಿಗೆ ತಮ್ಮದಲ್ಲ. ಗದ್ದೆ ಜಮೀನ್ದಾರರದು. ಉಳುವವರು ಒಕ್ಕಲು. ಉತ್ತು ಬೆಳೆದು, ಭತ್ತವನ್ನು ಅಳೆದು ಜಮೀನ್ದಾರರಿಗೆ ಕೊಡಬೇಕು. ಇದಕ್ಕೆ ಗೇಣಿ ಅಂತ ಹೆಸರು. ಗೇಣಿ ಅಲ್ಲದೆ ಬಿಟ್ಟಿ ಚಾಕರಿಯೂ ಇತ್ತು. ಬಿಟ್ಟಿ ಅಂದರೆ ಕೂಲಿ ಇಲ್ಲದ ಕೆಲಸ.

ಒಂದು ಸೇರಿನ ಲೆಕ್ಕ

ಈಗ ಸೇರು ಕೈಗೆ ತಗೊಳ್ಳಿ.

ಭತ್ತ ಅಳೆಯುವ ಪಾತ್ರೆಗೆ ಕೊಳಗ ಅಂತ ಹೆಸರು. 20 ಕೊಳಗಕ್ಕೆ 1 ಖಂಡುಗ. ಕೊಳಗ ಅಂದರೆ 3 ಸೇರು ಹಿಡಿಯಬೇಕು ಅಂತ ಲೆಕ್ಕ. ಆದರೆ ಗೇಣಿ ತಗೊಳ್ಳುವಾಗ ಕಣಕ್ಕೆ ಬರುತ್ತಿದ್ದ ಕೊಳಗ 4 ಸೇರು ಹಿಡಿಯುತ್ತಿತ್ತು. ಹೆಸರು ಅದೇ ಕೊಳಗ. ಹೊಟ್ಟೆ ಮಾತ್ರ ದೊಡ್ಡದು.

ಒಂದು ಸೇರು ತಾನೇ, ಹೋಗಲಿ ಬಿಡಿ ಅನ್ನಿಸಬಹುದು. ನಮ್ಮ ತರಗತಿಯಲ್ಲೂ ಒಬ್ಬರು ಹಾಗೇ ಅಂದರು. ಸರಿ, ಲೆಕ್ಕ ಮಾಡೋಣ ಅಂದೆ. ಒಬ್ಬ ಒಕ್ಕಲು 3 ಖಂಡುಗ ಗೇಣಿ ಕೊಡಬೇಕು ಅಂತ ಇಟ್ಟುಕೊಳ್ಳಿ.

3 ಖಂಡುಗ ಅಂದರೆ 60 ಕೊಳಗ.
ಕೊಳಗಕ್ಕೆ 3 ಸೇರಿನಂತೆ 180 ಸೇರು.
ಕೊಳಗಕ್ಕೆ 4 ಸೇರಿನಂತೆ 240 ಸೇರು.
ಹೆಚ್ಚಿಗೆ ಹೋದದ್ದು 60 ಸೇರು.

60 ಸೇರು ಅಂದರೆ ಸರಿಯಾದ ಕೊಳಗದಲ್ಲಿ 20 ಕೊಳಗ. ಅಂದರೆ ಪೂರಾ ಒಂದು ಖಂಡುಗ! ಮೂರು ಖಂಡುಗ ಕೊಡಬೇಕಾದವನು ನಾಲ್ಕು ಖಂಡುಗ ಕೊಟ್ಟ. ಮನೆಯವರೆಲ್ಲ ಮಳೆಗಾಲದಲ್ಲಿ ಗಂಜಿ ಕುಡಿಯಬೇಕಾದ ಭತ್ತ ಅದು. ಲೆಕ್ಕ ಮುಗಿದ ಮೇಲೆ ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

“ಕೇಳಬಾರದಿತ್ತಾ?” ಅಂದರು ಒಬ್ಬರು.

“ಯಾರ್ ಕೇಳ್ತಾರೆ? ಕೇಳಿದ್ರೆ ಮುಂದಿನ ವರ್ಷ ಗದ್ದೆ ಇಲ್ಲ” ಅಂದರು ಅಜ್ಜಿ. ಗೇಣಿ ಕೊಟ್ಟದ್ದಕ್ಕೆ ರಸೀದಿಯೂ ಇರುತ್ತಿರಲಿಲ್ಲ. ರಸೀದಿ ಇಲ್ಲ ಅಂದ ಮೇಲೆ ಕೊಟ್ಟಿದ್ದಕ್ಕೆ ಸಾಕ್ಷಿ ಎಲ್ಲಿ?

ಇಂಥದ್ದು ನಮ್ಮ ಕಡೆ ಮಾತ್ರಾನಾ ಅಂತಲೂ ಒಬ್ಬರು ಕೇಳಿದರು. ಅಲ್ಲ. ಸಮುದ್ರದ ಆಚೆ ಇಂಡೋನೇಷ್ಯಾ ಅಂತ ದೇಶ ಇದೆ. ಅಲ್ಲಿ ಜಾವಾ ಅಂತ ಒಂದು ದ್ವೀಪ. ದ್ವೀಪ ಅಂದರೆ ಸುತ್ತ ನೀರು ಇರೋ ನೆಲ. ಅವರದೂ ನಮ್ಮ ಹಾಗೇ ಅನ್ನದ ಊಟ, ಭತ್ತದ ಗದ್ದೆ. ಅಲ್ಲಿ ಹಿಂದೆ ಹೆಂಗಸರು ಕುಡುಗೋಲು ಹಿಡಿದು ಕೊಯ್ಯುತ್ತಿರಲಿಲ್ಲ. ಅಂಗೈಯಲ್ಲಿ ಅಡಗುವ ಒಂದು ಸಣ್ಣ ಕತ್ತಿ. ಅದರ ಹೆಸರು ಅನಿ-ಅನಿ. ಅದರಲ್ಲಿ ಒಂದೊಂದೇ ತೆನೆ ಕೊಯ್ಯುತ್ತಿದ್ದರು. ಕೂಲಿ ದುಡ್ಡಲ್ಲ, ಕೊಯ್ದ ತೆನೆಯಲ್ಲೇ ಒಂದು ಪಾಲು. ಪಾಲು ಹಾಕುವುದು ಗದ್ದೆಯವರ ಕೈ. ನೆಂಟರಿಗೆ ದೊಡ್ಡ ಪಾಲು, ದೂರದವರಿಗೆ ಸಣ್ಣ ಪಾಲು. 1970ರ ಹೊತ್ತಿಗೆ ಹೊಸ ಗಿಡ್ಡ ತಳಿಯ ಭತ್ತ ಬಂತು, ಕುಡುಗೋಲು ಹಿಡಿದ ಗಂಡಸರು ಗದ್ದೆಗೆ ಬಂದರು, ಎಷ್ಟೋ ಹೆಂಗಸರ ಆ ಪಾಲೂ ಹೋಯಿತು. ಇದನ್ನು ಕೇಳಿ ನಮ್ಮ ಅಜ್ಜಿ, “ಅಲ್ಲೂ ಹಂಗೇನಾ!” ಅಂದರು. ಸರಿ, ಕಾಗೋಡಿಗೆ ವಾಪಸು ಬರೋಣ.

ಗದ್ದೆಗೆ ಇಳಿದರು

ಎಚ್. ಗಣಪತಿಯಪ್ಪ ಅನ್ನುವವರು ಸಾಗರದ ಕಡೆ ರೈತ ಸಂಘ ಕಟ್ಟಿದ್ದರು. ಸಂಘ ಕೇಳಿದ್ದು ದೊಡ್ಡ ವಿಷಯ ಏನಲ್ಲ. ಕೊಳಗ ಸರಿಯಾಗಿರಲಿ. ಕೊಟ್ಟ ಗೇಣಿಗೆ ರಸೀದಿ ಕೊಡಿ. ಬಿಟ್ಟಿ ಚಾಕರಿ ಬೇಡ. ಇಷ್ಟೇ.

ಜಮೀನ್ದಾರರು ಒಪ್ಪಲಿಲ್ಲ. ಒಕ್ಕಲುಗಳು ಗದ್ದೆಗೆ ಇಳಿಯಬಾರದು ಅಂದರು. 1951ರ ಏಪ್ರಿಲ್ ತಿಂಗಳಲ್ಲಿ ರೈತರು ನೇಗಿಲು ಹೊತ್ತು ಗದ್ದೆಗೆ ಇಳಿದೇ ಬಿಟ್ಟರು. ಯಾರಿಗೂ ಹೊಡೆಯಲಿಲ್ಲ, ಬಡಿಯಲಿಲ್ಲ. ಉಳುವುದು, ಅಷ್ಟೇ. ಪೊಲೀಸರು ಬಂದು ಹಿಡಿದುಕೊಂಡು ಹೋದರು. ಮತ್ತೆ ಬೇರೆ ಗುಂಪು ಇಳಿಯಿತು. ಅವರನ್ನೂ ಹಿಡಿದರು. ಹೆಂಗಸರೂ ಸೇರಿದರು. ಇದನ್ನು ಕಾಗೋಡು ಸತ್ಯಾಗ್ರಹ ಅನ್ನುತ್ತಾರೆ. ಸತ್ಯಾಗ್ರಹ ಅಂದರೆ ಕೈ ಎತ್ತದೆ, ಹಿಂದೆಯೂ ಸರಿಯದೆ ನ್ಯಾಯ ಕೇಳುವುದು.

ತೀರ್ಥಹಳ್ಳಿ ಕಡೆಯ ಶಾಂತವೇರಿ ಗೋಪಾಲಗೌಡರು ಈ ರೈತರ ಜೊತೆ ನಿಂತರು. ಆಗ ಅವರಿಗೆ ಇನ್ನೂ 30 ವರ್ಷ ತುಂಬಿರಲಿಲ್ಲ. ಜೂನ್ ತಿಂಗಳಲ್ಲಿ ಉತ್ತರ ಭಾರತದಿಂದ ರಾಮಮನೋಹರ ಲೋಹಿಯಾ ಅನ್ನುವ ದೊಡ್ಡ ನಾಯಕರು ಬಂದರು. ಅವರನ್ನೂ ಬಂಧಿಸಿದರು. ಆಗ ಕಾಗೋಡಿನ ಹೆಸರು ದೇಶಕ್ಕೆಲ್ಲ ತಿಳಿಯಿತು.

ಆದರೆ ಕೂಡಲೇ ಗೆಲುವು ಸಿಗಲಿಲ್ಲ. ಇದನ್ನು ಮುಚ್ಚಿಟ್ಟು ಕಥೆ ಹೇಳಬಾರದು. ಜೈಲಿಗೆ ಹೋದವರು ಬರಿಗೈಯಲ್ಲಿ ಬಂದರು. ಗದ್ದೆ ಕಳೆದುಕೊಂಡವರೂ ಇದ್ದರು. 1952ರ ಚುನಾವಣೆಯಲ್ಲಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಅಲ್ಲಿಯೂ ಭೂಮಿಯ ಮಾತು ಆಡಿದರು. ಉಳುವವರಿಗೇ ಹೊಲ ಅನ್ನುವ ಕಾನೂನು ಗಟ್ಟಿಯಾಗಿ ಬಂದದ್ದು 1974ರಲ್ಲಿ. ಆಗ ದೇವರಾಜ ಅರಸು ಮುಖ್ಯಮಂತ್ರಿ. ಅದನ್ನು ನೋಡಲು ಗೋಪಾಲಗೌಡರು ಇರಲಿಲ್ಲ. 1972ರಲ್ಲೇ ತೀರಿಕೊಂಡಿದ್ದರು.

ಗದ್ದೆ ಕಾಗದಕ್ಕೆ ಬಂತು

1974ರ ಕಾನೂನಿನಂತೆ ಗೇಣಿದಾರರು ಅರ್ಜಿ ಹಾಕಬೇಕಿತ್ತು. ಅದಕ್ಕೆ 7ನೇ ನಮೂನೆ ಅಂತ ಹೆಸರು. ಭೂ ನ್ಯಾಯಮಂಡಳಿಯವರು ವಿಚಾರಣೆ ಮಾಡುತ್ತಿದ್ದರು. ‘ಈ ಗದ್ದೆ ಉತ್ತವನು ನೀನೇ ಅನ್ನೋದಕ್ಕೆ ಏನು ದಾಖಲೆ?’ ಪಹಣಿಯಲ್ಲಿ ಉಳುವವನ ಹೆಸರು ಬರೆದಿದ್ದರೆ ದಾರಿ ಸುಲಭ. ಹೆಸರೂ ಇಲ್ಲ, ರಸೀದಿಯೂ ಇಲ್ಲ ಅನ್ನುವವರು ಸಾಕ್ಷಿ ಹುಡುಕುತ್ತಾ ಅಲೆಯಬೇಕಾಯಿತು. ಕೊಳಗದ ಜಗಳದಲ್ಲಿ ರಸೀದಿ ಯಾಕೆ ಕೇಳಿದ್ದರು ಅಂತ ಈಗ ಗೊತ್ತಾಯಿತಲ್ಲ.

ಎಷ್ಟೋ ಒಕ್ಕಲುಗಳಿಗೆ ಗದ್ದೆ ಸಿಕ್ಕಿತು. ಆದರೆ ಹೆಚ್ಚಿನ ಕಡೆ ಹೆಸರು ಬಿದ್ದದ್ದು ಮನೆಯ ಯಜಮಾನನದು. ಜೊತೆಗೆ ನೆಟ್ಟವಳು, ಕಳೆ ಕಿತ್ತವಳು, ಬುಟ್ಟಿಗೆ ಚಿತ್ತಾರ ಬರೆದವಳು, ಅವಳ ಹೆಸರು ಬಹಳ ಕಡೆ ಬೀಳಲಿಲ್ಲ.

ಆಮೇಲೆ ಹೆಣ್ಣುಮಕ್ಕಳ ಪಾಲಿನ ಕಾನೂನು ಬಂತು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಕರ್ನಾಟಕದಲ್ಲಿ 1994ರಲ್ಲಿ ಆಯಿತು. ಆದರೆ ಅಷ್ಟು ಹೊತ್ತಿಗೆ ಮದುವೆ ಆಗಿದ್ದವರನ್ನು ಅದು ಬಿಟ್ಟಿತ್ತು. 2005ರಲ್ಲಿ ದೇಶಕ್ಕೆಲ್ಲ ಒಂದೇ ಕಾನೂನು ಬಂತು. ಮದುವೆ ಆಗಿರಲಿ, ಬಿಡಲಿ, ಮಗಳಿಗೆ ಪಾಲು ಉಂಟು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಭಾಗ ಆಗಿಹೋಗಿದ್ದರೆ ಅದನ್ನು ತೆರೆಯಲು ಬರುವುದಿಲ್ಲ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ವಾರಸಾ ಕಾನೂನು ಬೇರೆ ಇದೆ.

ಪಹಣಿ ಓದೋಣ

ಪಾಠ ಇಲ್ಲಿಗೆ ಬಂದಾಗ ನಮ್ಮ ತರಗತಿಯ ಒಬ್ಬ ಅಕ್ಕ ಮರುದಿನ ಮನೆಯಿಂದ ಪಹಣಿ ತಂದರು. ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿ ಇಟ್ಟಿದ್ದರು. ಗಂಡ ತೀರಿಕೊಂಡು ನಾಲ್ಕು ವರ್ಷ. ಗದ್ದೆ ಕೆಲಸವೆಲ್ಲ ಅವರದೇ. “ಓದಿ ಹೇಳಿ ಟೀಚರ್” ಅಂದರು. ನಾನು ಓದಲಿಲ್ಲ. “ನೀವೇ ಓದಿ” ಅಂದೆ.

ಪಹಣಿಯಲ್ಲಿ ಬಹಳ ಮನೆಗಳಿವೆ. ಒಂದೊಂದು ಮನೆಗೆ ಕಲಂ ಅನ್ನುತ್ತಾರೆ. ಎಲ್ಲವನ್ನೂ ಒಂದೇ ದಿನ ನೋಡಿದರೆ ತಲೆ ತಿರುಗುತ್ತೆ. ಮೊದಲು ಮೇಲೆ ನೋಡಿ. ತಾಲ್ಲೂಕು, ಹೋಬಳಿ, ಗ್ರಾಮ. 1ನೇ ಕಲಂನಲ್ಲಿ ಸರ್ವೆ ನಂಬರ್. ಆಮೇಲೆ ನೇರವಾಗಿ 9ನೇ ಕಲಂಗೆ ಬನ್ನಿ. ಜಮೀನು ಯಾರ ಹೆಸರಲ್ಲಿದೆ, ಎಷ್ಟಿದೆ ಅಂತ ಇಲ್ಲಿ ಇರುತ್ತೆ. 11ನೇ ಕಲಂನಲ್ಲಿ ಸಾಲದ ವಿಷಯ. ಗದ್ದೆ ಮೇಲೆ ಬ್ಯಾಂಕಿನ ಸಾಲ ಇದ್ದರೆ ಇಲ್ಲಿ ಬರುತ್ತೆ. ನಿಮಗೆ ಗೊತ್ತಿಲ್ಲದ ಸಾಲವೂ ಇಲ್ಲೇ ಕಾಣುತ್ತೆ! 12ನೇ ಕಲಂನಲ್ಲಿ ಉಳುವವರ ಹೆಸರು ಮತ್ತು ಬೆಳೆ.

ಅಳತೆ ಓದುವಾಗ ಎಚ್ಚರಿಕೆ. 1.20 ಅಂತ ಇದ್ದರೆ 1 ಎಕರೆ 20 ಗುಂಟೆ. 40 ಗುಂಟೆಗೆ 1 ಎಕರೆ. ಹಾಗಾದರೆ 1.20 ಅಂದರೆ ಒಂದೂವರೆ ಎಕರೆ. ಓದು ಬಲ್ಲವರೇ ಇಲ್ಲಿ ತಪ್ಪುತ್ತಾರೆ. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ.

ಆ ಅಕ್ಕ ಬೆರಳು ಇಟ್ಟುಕೊಂಡು 9ನೇ ಕಲಂ ಓದಿದರು. ಒಂದೊಂದೇ ಅಕ್ಷರ. ಪೂರಾ ಓದಿ ತಲೆ ಎತ್ತಿದರು. “ಇದು ನಮ್ಮ ಮಾವನ ಹೆಸರು” ಅಂದರು. ಮಾವ ತೀರಿಕೊಂಡು ಹನ್ನೆರಡು ವರ್ಷ ಆಗಿತ್ತು. ಗಂಡನ ಹೆಸರೂ ಇಲ್ಲ, ಇವರ ಹೆಸರೂ ಇಲ್ಲ. ಇಷ್ಟು ವರ್ಷ ಆ ಕಾಗದ ಅವರ ಪೆಟ್ಟಿಗೆಯಲ್ಲೇ ಇತ್ತು.

ಹೀಗಿದ್ದರೆ ಪೌತಿ ಖಾತೆ ಮಾಡಿಸಬೇಕು. ಪೌತಿ ಖಾತೆ ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು. ಅದಕ್ಕೆ ಮರಣ ಪ್ರಮಾಣಪತ್ರ ಬೇಕು. ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದಾರಾ ಅಂತ ನೀವೇ ಓದಿ ನೋಡಿ, ಆಮೇಲೆ ರುಜು ಹಾಕಿ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸ್ವೀಕೃತಿ ಚೀಟಿ ಕೇಳಿ ತಗೊಳ್ಳಿ. ಆ ಅಕ್ಕ ಮೈದುನನ ಜೊತೆ ಮಾತಾಡಿದ್ದಾರೆ. ಮೊದಲು ಸ್ವಲ್ಪ ಜೋರು ಮಾತಾಯಿತಂತೆ. ಈಗ ಅರ್ಜಿ ಕೊಟ್ಟಿದ್ದಾರೆ. ಚೀಟಿ ಅದೇ ಪ್ಲಾಸ್ಟಿಕ್ ಚೀಲದಲ್ಲಿದೆ.

ಮನೆಯಲ್ಲಿ ಮಾತು ಬಗೆಹರಿಯದಿದ್ದರೆ ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಭದ್ರಾವತಿಯವರು ಅಲ್ಲಿನ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ. ಹೆಂಗಸರಿಗೆ ವಕೀಲರ ಸಹಾಯ ಉಚಿತ. ಆದಾಯ ಎಷ್ಟು ಅಂತ ಕೇಳೋದಿಲ್ಲ.

ಓದಿ, ಬರೆಯಿರಿ

ಕೊಳಗ, ಖಂಡುಗ, ಗೇಣಿ, ರಸೀದಿ, ಪಹಣಿ, ಗುಂಟೆ, ಖಾತೆ.

ಕೊಳಗಕ್ಕೆ 4 ಸೇರಿನಂತೆ 40 ಕೊಳಗ ಅಳೆದುಕೊಟ್ಟರೆ ಎಷ್ಟು ಸೇರು ಹೆಚ್ಚಿಗೆ ಹೋಗುತ್ತದೆ?

2.30 ಅಂದರೆ ಎಷ್ಟು ಎಕರೆ, ಎಷ್ಟು ಗುಂಟೆ?

ನಮ್ಮ ಮನೆಯ ಜಮೀನಿನ ಸರ್ವೆ ನಂಬರ್ ...............
9ನೇ ಕಲಂನಲ್ಲಿ ಇರುವ ಹೆಸರು ...............
ಅವರು ನನಗೆ ಏನಾಗಬೇಕು ...............

ಮುಂದಿನ ವಾರ ಬರುವಾಗ ಪಹಣಿ ತನ್ನಿ. ಜಮೀನು ಇಲ್ಲದವರು ಮನೆಯ ಹಕ್ಕುಪತ್ರ ತನ್ನಿ. ಕನ್ನಡಕ ಇರುವವರು ಅದನ್ನು ಮರೆಯಬೇಡಿ, ಪಹಣಿಯ ಅಕ್ಷರ ಬಹಳ ಸಣ್ಣದು.